ದಿನ ತುಂಬದ ಮಗುವಿನ ಮೊದಲ ಉಸಿರು

ಗರ್ಭದಲ್ಲಿರುವ ಮಗುವಿನ ಶ್ವಾಸಕೋಶದ ತುಂಬ ಇರುವುದು ದ್ರವ. ಅದಕ್ಕೆ ಬೇಕಾದ ಆಮ್ಲಜನಕವೆಲ್ಲ ಮಾಸು ಮತ್ತು ಹೊಕ್ಕುಳಬಳ್ಳಿಯ ಮೂಲಕ ಬರುತ್ತದೆ. ಹುಟ್ಟಿದ ಕೂಡಲೇ ಆ ದ್ರವ ಸರಿದು ಗಾಳಿಗೆ ಜಾಗ ಬಿಡಬೇಕು. ತಿಂಗಳು ತುಂಬಿದ ಮಗು ಅಳುತ್ತಳುತ್ತಲೇ ಇದನ್ನು ಸಾಧಿಸಿಬಿಡುತ್ತದೆ. 37 ವಾರ ತುಂಬುವ ಮೊದಲೇ ಹುಟ್ಟುವ ಮಕ್ಕಳಲ್ಲಿ, ಅದರಲ್ಲೂ 32 ವಾರಕ್ಕಿಂತ ಮುಂಚೆ ಬಂದವರಲ್ಲಿ, ಅನೇಕರಿಗೆ ಇದು ಶಕ್ತಿ ಮೀರಿದ ಕೆಲಸ.

ಮುಖ್ಯ ಕಾರಣ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನಂಥ ವಸ್ತುವಿನ ಕೊರತೆ. ಶ್ವಾಸಕೋಶದ ಗಾಳಿಗೂಡುಗಳ ಒಳಗೋಡೆಗೆ ಇದರ ಲೇಪವಿಲ್ಲದಿದ್ದರೆ, ಒದ್ದೆ ಪ್ಲಾಸ್ಟಿಕ್ ಚೀಲದ ಬದಿಗಳು ಅಂಟಿಕೊಳ್ಳುವಂತೆ, ಉಸಿರು ಬಿಟ್ಟಾಗಲೆಲ್ಲ ಅವು ಮುದುಡಿಕೊಳ್ಳುತ್ತವೆ. ಆಗ ಪ್ರತಿ ಉಸಿರೂ ಮೊದಲ ಉಸಿರಿನಷ್ಟೇ ಕಷ್ಟ. ಎದೆಗೂಡು ಒಳಕ್ಕೆ ಸೆಳೆಯುತ್ತದೆ, ಮೂಗಿನ ಹೊಳ್ಳೆಗಳು ಅರಳುತ್ತವೆ, ಮಗು ನರಳುತ್ತದೆ. ಆ ನರಳಿಕೆ ನೋವಿನ ದನಿಯಲ್ಲ. ಗಂಟಲನ್ನು ಅರೆಮುಚ್ಚಿ, ಒಳಗಿನ ಗಾಳಿ ಪೂರ್ತಿ ಹೊರಹೋಗದಂತೆ ಮಗು ತಾನೇ ಹೂಡುವ ತಡೆ.

ಸರ್ಫ್ಯಾಕ್ಟಂಟ್ ಕೊರತೆಯೇ ಕಾರಣವೆಂದು ಮೇರಿ ಎಲೆನ್ ಏವರಿ ಮತ್ತು ಜೆರಿ ಮೀಡ್ 1959ರಲ್ಲೇ ತೋರಿಸಿದ್ದರು. ಆದರೆ ಕಾರಣ ತಿಳಿದರೂ ಮದ್ದು ಇರಲಿಲ್ಲ. 1963ರ ಆಗಸ್ಟ್ 7ರಂದು ಐದೂವರೆ ವಾರ ಮುಂಚೆ ಹುಟ್ಟಿದ ಅಮೆರಿಕದ ಅಧ್ಯಕ್ಷ ಕೆನೆಡಿಯವರ ಮಗ ಪ್ಯಾಟ್ರಿಕ್ ಎರಡು ದಿನವೂ ಪೂರ್ತಿ ಬದುಕಲಿಲ್ಲ. ದಾರಿ ತೆರೆದದ್ದು 1971ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದ ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು ಸದಾ ಒಂದಿಷ್ಟು ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ವಿಧಾನವನ್ನು 20 ಶಿಶುಗಳ ಮೇಲೆ ಬಳಸಿದರು. 16 ಶಿಶುಗಳು ಬದುಕಿದವು. ನರಳಿ ನರಳಿ ದಣಿಯುವ ಮಗುವಿನ ಕೆಲಸವನ್ನೇ ಸಿಪ್ಯಾಪ್ ಹೊರಗಿನಿಂದ ಮಾಡುತ್ತದೆ.

ಇದರ ಅಗ್ಗದ ರೂಪವೇ ಬಬಲ್ ಸಿಪ್ಯಾಪ್. ಮೂಗಿನ ಬಳಿಯಿಂದ ಗಾಳಿ ಹೊರಹೋಗುವ ಕೊಳವೆಯ ತುದಿಯನ್ನು ನೀರಿನಲ್ಲಿ 5 ಸೆಂಟಿಮೀಟರ್ ಮುಳುಗಿಸಿದರೆ, ಶ್ವಾಸಕೋಶಕ್ಕೆ ಹೆಚ್ಚುಕಡಿಮೆ ಅಷ್ಟೇ ಒತ್ತಡ ಸಿಗುತ್ತದೆ. ಗುಳ್ಳೆ ಏಳುತ್ತಿದ್ದರೆ ಒತ್ತಡ ಉಳಿದಿದೆ ಎಂದರ್ಥ. ದುಬಾರಿ ಯಂತ್ರಗಳಿಲ್ಲದ ಆಸ್ಪತ್ರೆಗೂ ನಿಲುಕುವ ಇಂಥ ಸಾಧನ ವೈದ್ಯಕೀಯದಲ್ಲಿ ಅಪರೂಪ.

ಹೆರಿಗೆ ಕೋಣೆಯಲ್ಲಿ ಮೊದಲ ನಿಮಿಷವೇ ನಿರ್ಣಾಯಕ. ಮಗು ಚೆನ್ನಾಗಿದ್ದರೆ ಹೊಕ್ಕುಳಬಳ್ಳಿ ಕತ್ತರಿಸಲು ಅರ್ಧ ನಿಮಿಷವಾದರೂ ಕಾಯುತ್ತಾರೆ. ತೀರಾ ಎಳೆಯ ಶಿಶುವನ್ನು ಒರೆಸದೆಯೇ ಪ್ಲಾಸ್ಟಿಕ್ ಹೊದಿಕೆಯಲ್ಲಿ ಸುತ್ತುತ್ತಾರೆ. ಮೈ ತಣ್ಣಗಾದರೆ ಉಸಿರಾಟವೂ ಹದಗೆಡುತ್ತದೆ. ತಾನೇ ಉಸಿರಾಡುವ ಮಗುವಿಗೆ ಸಿಪ್ಯಾಪ್ ಸಾಕು. ಉಸಿರೇ ಇಲ್ಲದಿದ್ದರೆ, ಇಲ್ಲವೇ ಎದೆಬಡಿತ ನಿಮಿಷಕ್ಕೆ 100ಕ್ಕಿಂತ ಕಡಿಮೆಯಿದ್ದರೆ, ಮಾಸ್ಕ್ ಇಟ್ಟು ಮೆಲ್ಲಗೆ ಗಾಳಿ ಊದಬೇಕು. ಇಲ್ಲಿ ಕೈ ಬಿರುಸಾದರೆ ಎಳೆಯ ಶ್ವಾಸಕೋಶಕ್ಕೇ ಪೆಟ್ಟು. ಇಷ್ಟಾದರೂ ಸಾಲದಿದ್ದರೆ, ಹಸು ಅಥವಾ ಹಂದಿಯ ಶ್ವಾಸಕೋಶದಿಂದ ತಯಾರಿಸಿದ ಸರ್ಫ್ಯಾಕ್ಟಂಟನ್ನು ತೆಳು ನಳಿಕೆಯ ಮೂಲಕ ಶ್ವಾಸನಾಳಕ್ಕೆ ಬಿಡುತ್ತಾರೆ. ವೆಂಟಿಲೇಟರ್ ಅದರಾಚೆಯ ಮಾತು.

ಆಮ್ಲಜನಕದ ವಿಷಯದಲ್ಲಿ ಧಾರಾಳತನ ಸಲ್ಲದು. ಆರೋಗ್ಯವಂತ ಶಿಶುವಿನ ರಕ್ತದಲ್ಲೂ ಅದರ ಪ್ರಮಾಣ 80-85 ಪ್ರತಿಶತ ಮುಟ್ಟಲು ಐದು ನಿಮಿಷ ಬೇಕು. ಅತಿಯಾದ ಆಮ್ಲಜನಕ ಕಣ್ಣಿನ ಅಕ್ಷಿಪಟಲದ ಎಳೆಯ ರಕ್ತನಾಳಗಳನ್ನು ಕೆಡಿಸಿ ಕುರುಡುತನ ತರಬಲ್ಲದು. ಹಾಗಾಗಿ 34 ವಾರಕ್ಕಿಂತ ಮೊದಲು ಅಥವಾ 2 ಕಿಲೋಗ್ರಾಂಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳ ಕಣ್ಣನ್ನು ತಿಂಗಳೊಳಗೆ ಪರೀಕ್ಷಿಸಲೇಬೇಕು. ಕರ್ನಾಟಕದಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಕಿಡ್‌ರಾಪ್ ಯೋಜನೆಯ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೇ ಹೋಗಿ ಈ ತಪಾಸಣೆ ಮಾಡುತ್ತಾರೆ.