ಕೊಬ್ಬಿಲ್ಲದ ಕೊಬ್ಬು

ಕನ್ನಡದಲ್ಲಿ ಕೊಬ್ಬು ಎಂದರೆ ಸೊಕ್ಕು ಎಂಬ ಅರ್ಥವೂ ಉಂಟು. ಸಂಸ್ಕೃತದಲ್ಲಿ ಅದೇ ಜಿಡ್ಡಿಗೆ ‘ಸ್ನೇಹ’ ಎನ್ನುತ್ತಾರೆ. 1990ರ ದಶಕದಲ್ಲಿ ಅಮೆರಿಕದ ಅಂಗಡಿಗಳಲ್ಲಿ ಗೆದ್ದದ್ದು ಮೊದಲಿನ ಅರ್ಥವೇ. ಮೊಸರಿನಿಂದ ಬಿಸ್ಕತ್ತಿನವರೆಗೆ ಎಲ್ಲದರ ಮೇಲೂ ‘ಫ್ಯಾಟ್ ಫ್ರೀ’ ಎಂಬ ಚೀಟಿ.

ಆ ಕಾಲದ ದೊಡ್ಡ ಸಾಹಸ ಓಲೆಸ್ಟ್ರಾ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ವಿಜ್ಞಾನಿಗಳು ಇದನ್ನು ಕಂಡುಕೊಂಡದ್ದು 1968ರಲ್ಲಿ. ಎಣ್ಣೆಯಲ್ಲಿ ಗ್ಲಿಸರಾಲ್‌ಗೆ ಮೂರು ಕೊಬ್ಬಿನಾಮ್ಲಗಳು ಅಂಟಿಕೊಂಡಿರುತ್ತವೆ. ಓಲೆಸ್ಟ್ರಾದಲ್ಲಿ ಗ್ಲಿಸರಾಲ್ ಬದಲು ಸಕ್ಕರೆಯ ಅಣು, ಅದರ ಸುತ್ತ ಆರರಿಂದ ಎಂಟು ಕೊಬ್ಬಿನಾಮ್ಲಗಳು. ನಮ್ಮ ಜೀರ್ಣರಸಕ್ಕೆ ಅದರೊಳಗೆ ಕೈ ಹಾಕಲು ಜಾಗವೇ ಇಲ್ಲ. ಬಾಣಲೆಗೆ ಎಣ್ಣೆ, ನಾಲಿಗೆಗೂ ಎಣ್ಣೆ, ಹೊಟ್ಟೆಯ ಲೆಕ್ಕದಲ್ಲಿ ಮಾತ್ರ ಸೊನ್ನೆ ಕ್ಯಾಲೊರಿ!

1996ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. 1998ರಲ್ಲಿ ದೇಶದಾದ್ಯಂತ ‘ವಾವ್’ ಚಿಪ್ಸ್ ಬಂತು. ಹೊಟ್ಟೆ ನುಲಿಯಬಹುದು, ಭೇದಿಯಾಗಬಹುದು ಎಂಬ ಎಚ್ಚರಿಕೆ ಪೊಟ್ಟಣದ ಮೇಲೇ ಇತ್ತು. 2003ರಲ್ಲಿ ಆ ಕಡ್ಡಾಯ ತೆಗೆದರು. ಜನ ನಕ್ಕದ್ದು ಭೇದಿಯ ಮಾತಿಗೆ. ನಿಜವಾದ ಪಾಠವಿದ್ದದ್ದು ಅದರ ಮುಂದಿನ ಸಾಲಿನಲ್ಲಿ. ಎ, ಡಿ, ಇ, ಕೆ ಜೀವಸತ್ವಗಳು ಕರಗುವುದು ಕೊಬ್ಬಿನಲ್ಲಿ. ಓಲೆಸ್ಟ್ರಾ ಅವುಗಳನ್ನೂ ತನ್ನ ಜೊತೆ ಹೊರಗೆ ಕರೆದೊಯ್ಯುತ್ತದೆ. ಹಾಗಾಗಿ ಆ ನಾಲ್ಕನ್ನೂ ಚಿಪ್ಸಿಗೆ ಮತ್ತೆ ಸೇರಿಸಬೇಕಾಯಿತು. ಕ್ಯಾರೆಟ್ಟಿಗೆ ಬಣ್ಣ ಕೊಡುವ ಕ್ಯಾರೊಟಿನ್‌ಗಳೂ ಹೀಗೆಯೇ ಹೋಗುತ್ತವೆ, ಅವನ್ನು ಸೇರಿಸಿರಲಿಲ್ಲ.

ಸುಮ್ಮನೆ ಎಣ್ಣೆ ಬಿಟ್ಟರೂ ಇದೇ ಕಥೆ. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊಬ್ಬಿಲ್ಲದ ಡ್ರೆಸಿಂಗ್ ಹಾಕಿ ಸಲಾಡ್ ತಿಂದವರ ರಕ್ತಕ್ಕೆ ಕ್ಯಾರೊಟಿನ್ ಸೇರಿದ್ದು ಇಲ್ಲವೆನ್ನುವಷ್ಟು ಕಡಿಮೆ. ಕೋಸಂಬರಿಗೆ ಒಗ್ಗರಣೆ ಹಾಕುವ ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ನಾನೂ ಎರಡು ವರ್ಷ ಫ್ಯಾಟ್ ಫ್ರೀ ವ್ರತ ಹಿಡಿದವನೇ. ಒಂದು ಗ್ರಾಂ ಕೊಬ್ಬಿಗೆ ಒಂಬತ್ತು ಕ್ಯಾಲೊರಿ, ಸಕ್ಕರೆಗೆ ನಾಲ್ಕೇ ಎಂದು ಲೆಕ್ಕ ಹಾಕಿ ಬಿಸ್ಕತ್ತು ತಿಂದೆ. ಕೊನೆಗೆ ಡಾಕ್ಟರು ತೋರಿಸಿದ್ದು ಏರಿದ ಟ್ರೈಗ್ಲಿಸರೈಡ್. ಕೊಬ್ಬು ತೆಗೆದ ಜಾಗದಲ್ಲಿ ತಯಾರಕರು ಸಕ್ಕರೆ, ಪಿಷ್ಟ ತುಂಬುತ್ತಾರೆಂಬುದನ್ನು ನಾನು ಓದಿಯೇ ಇರಲಿಲ್ಲ.

ಹಾಗೆಂದು ತುಪ್ಪದ ಡಬ್ಬಿಗೆ ಸೌಟು ಹಾಕಬೇಡಿ. ತುಪ್ಪದಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಯಾಚುರೇಟೆಡ್ ಕೊಬ್ಬು, ಅದು ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ. ತುಪ್ಪಕ್ಕೆ ಬದಲಿಯೆಂದು ನಮ್ಮೂರಿಗೆ ಬಂದ ವನಸ್ಪತಿಯ ಟ್ರಾನ್ಸ್ ಕೊಬ್ಬು ಇನ್ನೂ ಕೆಟ್ಟದು. ದಿನದ ಅಡುಗೆಗೆ ಕಡಲೆಕಾಯಿ ಎಣ್ಣೆ ಅಥವಾ ಎಳ್ಳೆಣ್ಣೆ, ಜೊತೆಗೆ ಅಗಸೆ, ಅಕ್ರೋಟು ಇದ್ದರೆ ಸಾಕು. ನಮ್ಮ ಮನೆಯ ಕ್ಯಾರೆಟ್ ಕೋಸಂಬರಿಗೆ ಈಗ ಮತ್ತೆ ಒಗ್ಗರಣೆ ಬೀಳುತ್ತಿದೆ, ಚಮಚ ಎಣಿಸಿ.