ಸೈಪ್ರಸ್ ಮರಕ್ಕೆ ಎಂಥ ನೆಲ ಬೇಕು?

ನೆಟ್ಟಗೆ ಬೆಳೆದು ಸದಾ ಹಸಿರಾಗಿರುವ ಸೈಪ್ರಸ್ ಮರವನ್ನು ಕಂಡ ರೈತರಿಗೆ ತಮ್ಮ ಹೊಲದ ಅಂಚಿನಲ್ಲೂ ಅದನ್ನು ಸಾಲಾಗಿ ಹಾಕುವ ಆಸೆ ಮೂಡುವುದು ಸಹಜ. ಆದರೆ ಸಸಿಗೆ ಹಣ ಕೊಡುವ ಮೊದಲು ಅದರ ತವರನ್ನು ತಿಳಿಯುವುದು ಲೇಸು.

ನಮ್ಮ ದೇಶದ ಸೈಪ್ರಸ್ ಹಿಮಾಲಯದ್ದು. ಕುಮಾವೂನಿನಲ್ಲಿ ಇದಕ್ಕೆ ಸುರಾಯಿ ಎನ್ನುತ್ತಾರೆ. ನೈನಿತಾಲ್, ಮಸ್ಸೂರಿಗಳ ಸುತ್ತ, ಸಾಮಾನ್ಯವಾಗಿ 1,800ರಿಂದ 2,800 ಮೀಟರ್ ಎತ್ತರದಲ್ಲಿ ಬೆಳೆಯುತ್ತದೆ. ಅಲ್ಲಿಯೂ ಎಲ್ಲ ಇಳಿಜಾರುಗಳಲ್ಲಿ ಅಲ್ಲ. ಸುಣ್ಣಕಲ್ಲು ಇರುವ ಕಡೆಯೇ ಹೆಚ್ಚು. ಬೇರೆ ಮರಗಳು ನಿಲ್ಲಲಾರದ ಕಡಿದಾದ ಬಂಡೆಗಳ ತೆಳುಮಣ್ಣಿನಲ್ಲೂ ಬೇರೂರುತ್ತದೆ. ಬಿದ್ದ ಮಳೆ ಅಲ್ಲಿ ನಿಲ್ಲದೆ ಬಸಿದುಹೋಗುತ್ತದೆ, ಬೆಳಕೂ ಧಾರಾಳ. ಹಿಮವನ್ನು ತಡೆದುಕೊಳ್ಳುವ ಈ ಮರ ಬುಡದಲ್ಲಿ ನಿಂತ ನೀರನ್ನು ತಡೆಯದು.

ಬಯಲುಸೀಮೆಯ ಎರೆಭೂಮಿಯಲ್ಲೂ ಸುಣ್ಣವಿದೆಯಲ್ಲ ಎಂದು ಕೆಲವರು ಕೇಳಬಹುದು. ನಿಜ, ಆದರೆ ಆ ಮಣ್ಣು ಮಳೆಗಾಲದಲ್ಲಿ ನೀರು ಹಿಡಿದಿಡುತ್ತದೆ, ಬೇಸಿಗೆಯ ಧಗೆಯೂ ಹೆಚ್ಚು. ಮಲೆನಾಡಿನಲ್ಲಿ ತಂಪಿದ್ದರೂ ಮಣ್ಣು ಸಾಮಾನ್ಯವಾಗಿ ಹುಳಿ. ಆದ್ದರಿಂದ ಗಾಳಿತಡೆಗೆ ಕರಾವಳಿಯ ಮರಳಿನಲ್ಲಿ ಸರ್ವೆ, ಕಾಫಿ ಸೀಮೆಯಲ್ಲಿ ಸಿಲ್ವರ್ ಓಕ್ ಹೆಚ್ಚು ನಂಬಿಕೆಯ ಮರಗಳು.

ಅಂದಕ್ಕಾಗಿ ಒಂದೆರಡು ಸೈಪ್ರಸ್ ನೆಡುವವರು ನೀರು ಬಸಿಯುವ ಎತ್ತರದ ಜಾಗ ಆರಿಸಲಿ, ದೊಡ್ಡ ಮರದ ನೆರಳಿಗೆ ಹಾಕದಿರಲಿ. ಸವರುವಾಗ ಹಸಿರಿರುವ ತುದಿಯನ್ನಷ್ಟೇ ಕತ್ತರಿಸಬೇಕು. ಎಲೆಯಿಲ್ಲದ ಹಳೆಯ ಕೊಂಬೆಯವರೆಗೆ ಕಡಿದರೆ ಅಲ್ಲಿ ಮತ್ತೆ ಚಿಗುರದು. ಬುಡ ಕಡಿದರೆ, ನೀಲಗಿರಿಯಂತೆ ಮರುಚಿಗುರೂ ಬಾರದು.