ಬಾಡಿಗೆಯ ಮನೆ ಮತ್ತು ಬಡಾವಣೆಯ ಆಯ್ಕೆ: ಬೆಂಗಳೂರಿನ ನಿದರ್ಶನ

ಹೊಸ ನಗರಕ್ಕೆ ಉದ್ಯೋಗನಿಮಿತ್ತ ಬರುವವರು ಮೊದಲು ವಿಚಾರಿಸುವುದು ಬಾಡಿಗೆಯನ್ನು. ವಾಸದ ನಿಜವಾದ ವೆಚ್ಚವು ಬಡಾವಣೆಯ ಇತಿಹಾಸವನ್ನೂ ಅವಲಂಬಿಸಿದೆಯೆಂಬುದನ್ನು ಬೆಂಗಳೂರಿನ ನಿದರ್ಶನದಿಂದ ನಾವು ಇಲ್ಲಿ ವಿವರಿಸಬಯಸುತ್ತೇವೆ.

ಮಲ್ಲೇಶ್ವರ, ಬಸವನಗುಡಿಗಳು 1890ರ ದಶಕದಲ್ಲಿ ಯೋಜನಾಬದ್ಧವಾಗಿ ರಚಿತವಾದವು. ಇಂತಹ ಹಳೆಯ ಬಡಾವಣೆಗಳಿಗೆ ಕಾವೇರಿಯ ನೀರು ಬಹುಕಾಲದಿಂದ ದೊರೆಯುತ್ತಿದೆ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳ ಪ್ರದೇಶವಾದರೋ ಬಹುಮಟ್ಟಿಗೆ ಕೊಳವೆಬಾವಿ ಹಾಗೂ ಟ್ಯಾಂಕರುಗಳನ್ನೇ ನಂಬಿತ್ತು. 2024ರ ಬೇಸಗೆಯಲ್ಲಿ ಅನೇಕ ಬಾವಿಗಳು ಬತ್ತಿದಾಗ ಅಗ್ಗದ ಮನೆಯ ಉಳಿತಾಯವು ನೀರಿನ ಬೆಲೆಯಲ್ಲಿ ಕರಗಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತದ ಯೋಜನೆಯು ಈ ಪ್ರದೇಶಕ್ಕಾಗಿಯೇ ಆರಂಭವಾಯಿತು. ಆದರೆ ಮುಖ್ಯ ಕೊಳವೆ ಬಂದ ಮಾತ್ರಕ್ಕೆ ಪ್ರತಿ ಮನೆಗೂ ಸಂಪರ್ಕವುಂಟೆಂದು ಭಾವಿಸಲಾಗದು.

ದೂರದ ವಿಷಯವೂ ಹೀಗೆಯೇ. ಅದನ್ನು ಮೈಲಿಗಳಲ್ಲಲ್ಲ, ಕಾಲದಲ್ಲಿ ಅಳೆಯಬೇಕು. ಮೆಟ್ರೋ ನಿಲ್ದಾಣಕ್ಕೆ ನಡೆದು ಹೋಗಬಹುದಾದ ದೂರದ ಮನೆಯು, ನಕ್ಷೆಯಲ್ಲಿ ಕಚೇರಿಗೆ ಹತ್ತಿರವಿದ್ದು ವಾಹನಸಂದಣಿಯ ದಾರಿಯಲ್ಲಿರುವ ಮನೆಗಿಂತ ಎಷ್ಟೋ ವೇಳೆ ಸಮೀಪವೆನಿಸುತ್ತದೆ.

ಸ್ವಂತ ಮನೆಯವನು ಬಾವಿ ತೋಡಿಸಬಲ್ಲ. ಬಾಡಿಗೆದಾರನಿಗೆ ಆ ಸ್ವಾತಂತ್ರ್ಯವಿಲ್ಲ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವುದು ಬಹುಕಾಲ ವಾಡಿಕೆಯಾಗಿದ್ದ ಈ ನಗರದಲ್ಲಿ ಮನೆ ಬದಲಿಸುವುದೂ ಸುಲಭವಲ್ಲ. ಆದಕಾರಣ ಮುಂಗಡ ಕೊಡುವ ಮೊದಲು, ಕೆಲಸದ ದಿನವೊಂದರ ಬೆಳಗ್ಗೆ ಆ ದಾರಿಯಲ್ಲಿ ಪಯಣಿಸಿ ನೋಡುವುದೂ, ಏಪ್ರಿಲಿನಲ್ಲಿ ನೀರು ಎಲ್ಲಿಂದ ಬರುತ್ತದೆಂದು ನೆರೆಯವರನ್ನು ಕೇಳುವುದೂ ಅವಶ್ಯವೆಂದು ನಮ್ಮ ಅಭಿಪ್ರಾಯ.